ಕೈ ಬಿಡದವಳು

ಫೆಬ್ರವರಿ ೩, ಸೋಮವಾರ

ಇವತ್ತು ಎಲ್ಲರ ಮಷೀನೂ ಕಾಯಿತು. ಎಲ್ಲರೂ ಕೆಳಗಿಟ್ಟರು. ನಾನು ಇಡಲಿಲ್ಲ.

ಇದನ್ನು ಯಾರಿಗಾದರೂ ಹೇಳಿಕೊಳ್ಳಬೇಕು ಅನ್ನಿಸಿತು. ಅಕ್ಕನಿಗೆ ಹೇಳಿದರೆ ಬೈಯುತ್ತಾಳೆ, ಮಗಳು ಪುಟ್ಟಿಗೆ ಹೇಳಿದರೆ ಹೆದರುತ್ತಾಳೆ. ಅದಕ್ಕೇ ಬರೆಯಲು ಕೂತಿದ್ದೇನೆ.

ಕಾರು ತೊಳೆಯುವ ಕಡೆಯಿಂದ ಪಾಲಿಶ್ ಕೋಣೆಗೆ ನನ್ನನ್ನು ಹಾಕಿದಾಗ ಯಾರೂ ಬಾಯಿಬಿಟ್ಟು ಏನೂ ಅನ್ನಲಿಲ್ಲ. ಮುಖದಲ್ಲೇ ಅಂದರು. ಸೋಪುನೀರು ಹೆಂಗಸರಿಗೆ ಸರಿ, ಪೇಂಟಿನ ಮೇಲೆ ಮಷೀನು ಓಡಿಸುವುದು ಇವಳ ಕೈಲಾಗುತ್ತದೆಯೇ ಎಂದು. ಈ ಕೋಣೆಯಲ್ಲಿ ಇರುವವರು ಮೂರೇ ಜನ. ಎಲ್ಲರಿಗಿಂತ ಹಳಬ ಭಾವ. ಹಿಂದೆ ಇಲ್ಲಿದ್ದ ಪೇಂಟರು ಅವನ ಹೆಂಡತಿಯ ತಮ್ಮನಂತೆ. ಆ ಪೇಂಟರು ‘ಭಾವ, ಭಾವ’ ಎಂದು ಕರೆದು ಕರೆದು ಅದೇ ಎಲ್ಲರ ಬಾಯಲ್ಲೂ ಉಳಿಯಿತು. ಇನ್ನೊಬ್ಬ ಗೊಣಗಪ್ಪ. ಬಾಗಿಲು ತೆರೆದರೆ ಚಳಿ ಅನ್ನುತ್ತಾನೆ, ಮುಚ್ಚಿದರೆ ಉಸಿರುಕಟ್ಟುತ್ತದೆ ಅನ್ನುತ್ತಾನೆ. ಮೂರನೆಯವಳು ನಾನು.

ಮಷೀನಿನ ಕಥೆ ಇಷ್ಟು. ಎಡಗೈ ಹಿಡಿಯಲು ಪಕ್ಕದಲ್ಲಿ ಒಂದು ಹಿಡಿ ಇರಬೇಕು. ಒಂದರಲ್ಲಿ ಮುರಿದಿದೆ, ಮಿಕ್ಕವುಗಳಲ್ಲಿ ಕಳೆದೇಹೋಗಿದೆ. ಹಾಗಾಗಿ ಅಂಗೈಯನ್ನು ನೇರ ಲೋಹದ ತಲೆಯ ಮೇಲೇ ಇಟ್ಟು ಒತ್ತಬೇಕು. ಒಂದು ಬಾನೆಟ್ಟು ಉಜ್ಜಿ ಮುಗಿಯುವಷ್ಟರಲ್ಲಿ ಅದು ಒಲೆಯಿಂದ ಇಳಿಸಿದ ಪಾತ್ರೆಯ ಹಾಗಾಗುತ್ತದೆ. ಭಾವ, ಗೊಣಗಪ್ಪ ಇಬ್ಬರೂ ಕೆಳಗಿಟ್ಟು ಕೈ ಕೊಡವುತ್ತಾ ಹೊರಗೆ ಹೋಗುತ್ತಾರೆ, ಆರಿದ ಮೇಲೆ ಬರುತ್ತಾರೆ. ನಾನು ಅದರ ತಲೆಗೆ ಒದ್ದೆ ಬಟ್ಟೆ ಸುತ್ತಿ ಕಾರಿನ ಬಾಗಿಲು ಉಜ್ಜಲು ಹೋಗುತ್ತೇನೆ.

ಸಂಜೆ ಓನರ್ ಬಂದರು. ಅವರಿಬ್ಬರ ಕಾರು ಅರ್ಧದಲ್ಲಿತ್ತು, ನನ್ನದು ಕನ್ನಡಿಯಾಗಿತ್ತು. ಬಾನೆಟ್ಟಿನಲ್ಲಿ ತಮ್ಮ ಮೀಸೆ ನೋಡಿಕೊಂಡು, ಇಬ್ಬರಿಗೂ ಕೇಳುವ ಹಾಗೆ “ಇವಳನ್ನ ನೋಡಿ ಕಲೀರಿ” ಎಂದರು.

ಅಂಗೈ ಕೆಂಪಾಗಿದೆ. ಆಗಲಿ.

ಫೆಬ್ರವರಿ ೪, ಮಂಗಳವಾರ

ಭಾವ ಇವತ್ತು ನನ್ನ ಹತ್ತಿರ ಬಂದು, ಬಟ್ಟೆ ಸುತ್ತಬೇಡ, ಗಾಳಿ ಹೊರಗೆ ಬರುವ ಕಿಂಡಿ ಅದರ ಕೆಳಗೇ ಇದೆ, ಮುಚ್ಚಿದರೆ ಇನ್ನೂ ಕಾಯುತ್ತದೆ ಎಂದ. ಕಾದಾಗ ಸ್ವಲ್ಪ ಹೊತ್ತು ಇಟ್ಟುಬಿಡು ತಂಗಿ, ಕಾರೇನೂ ಓಡಿಹೋಗುವುದಿಲ್ಲ ಎಂದೂ ಹೇಳಿದ. ಮಾತು ಮೃದುವಾಗಿಯೇ ಇತ್ತು. ಆದರೆ ನಿನ್ನೆ ಓನರ್ ಹೊಗಳಿದರು, ಇವತ್ತು ಇವನಿಗೆ ನನ್ನ ಕೈಯ ಚಿಂತೆ. ನನಗೇನು ಅಷ್ಟೂ ತಿಳಿಯುವುದಿಲ್ಲವೇ? ಬಟ್ಟೆ ಬಿಚ್ಚಲಿಲ್ಲ. ಅವನು ನೋಡುತ್ತಿದ್ದಾಗಲೇ ಇನ್ನೊಂದು ಸುತ್ತು ಬಿಗಿದೆ.

ಮನೆಗೆ ಬಂದರೆ ಪುಟ್ಟಿಯ ಅಪ್ಪನ ಫೋನು. ನಾನು ಅಕ್ಕನ ಮನೆಗೆ ಬಂದು ವರ್ಷವಾಗುತ್ತ ಬಂತು, ಅವನ ಪ್ರಶ್ನೆ ಮಾತ್ರ ಬದಲಾಗಿಲ್ಲ. ಯಾವಾಗ ವಾಪಸ್ ಬರುತ್ತೀ, ಇದೆಲ್ಲ ನಿನ್ನ ಕೈಲಾಗುವುದಲ್ಲ. ಫೋನನ್ನು ಹಿಡಿದಿದ್ದ ಕೈ ಉರಿಯುತ್ತಿತ್ತು. ಕೆಲಸ ಚೆನ್ನಾಗಿದೆ ಎಂದೆ. ಇಟ್ಟೆ.

ಫೆಬ್ರವರಿ ೬, ಗುರುವಾರ

ಇವತ್ತೂ ಇಡಲಿಲ್ಲ. ಗೊಣಗಪ್ಪ ನನ್ನನ್ನು ‘ಮೇಡಮ್ಮೋರೇ’ ಎಂದು ಕರೆಯಲು ಶುರುಮಾಡಿದ್ದಾನೆ. ಮೇಡಮ್ಮೋರ ಕೈ ಮರದ್ದಂತೆ, ಸುಡುವ ಮೊದಲು ಹೊಗೆಯಾಡುತ್ತದಂತೆ. ನಕ್ಕರೆ ಸೋತ ಹಾಗೆ. ನಗಲಿಲ್ಲ.

ಫೆಬ್ರವರಿ ೧೧, ಮಂಗಳವಾರ

ಬೆಳಿಗ್ಗೆ ಪುಟ್ಟಿಗೆ ಜಡೆ ಹಾಕುತ್ತಿದ್ದೆ. ಮೂರೂ ಎಳೆ ಹಿಡಿದಿದ್ದೇನೆ ಅಂದುಕೊಂಡರೆ ಎರಡೇ ಇತ್ತು. ಒಂದು ಯಾವಾಗ ಜಾರಿತೋ ತಿಳಿಯಲೇ ಇಲ್ಲ. ಬೆರಳಿನ ತುದಿಗೆ ಕೂದಲು ತಾಗುತ್ತದೆ, ತಾಗಿದ್ದು ಗೊತ್ತಾಗುವುದಿಲ್ಲ. ನೋಡಿಕೊಂಡು ಹೆಣೆದೆ. ಸೊಟ್ಟಗಾಯಿತು. ಪುಟ್ಟಿ ಕನ್ನಡಿಯಲ್ಲಿ ನೋಡಿ ಸುಮ್ಮನಾದಳು. ಇಲ್ಲದಿದ್ದರೆ ಸುಮ್ಮನಾಗುವ ಮಗುವಲ್ಲ ಅವಳು.

ಅಕ್ಕ ಇದನ್ನೆಲ್ಲ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು. ಅವಳು ಇಸ್ತ್ರಿ ಅಂಗಡಿಯಲ್ಲಿ ಕೆಲಸ ಮಾಡುತ್ತಾಳೆ. ಬಿಸಿ ಅಂದರೇನು ಎಂದು ನಾನು ಅವಳಿಗೆ ಹೇಳಿಕೊಡಬೇಕಾಗಿಲ್ಲ. ಆಗತಾನೇ ಸೋಸಿದ ಚಹಾದ ಲೋಟವನ್ನು ನನ್ನ ಎಡಗೈಗೆ ಕೊಟ್ಟಳು. ಹಿಡಿದುಕೊಂಡೆ. ಅವಳು ನನ್ನ ಮುಖವನ್ನೇ ನೋಡುತ್ತಾ ನಿಂತಳು, ಆಮೇಲೆ ಲೋಟ ಕಿತ್ತುಕೊಂಡಳು.

“ಇಸ್ತ್ರಿ ಪೆಟ್ಟಿಗೇಲಿ ಬಿಸಿ ಇರಬೇಕಾದ್ದು ತಳ, ಹಿಡಿ ಅಲ್ಲ. ಹಿಡಿ ಬಿಸಿ ಆದ ದಿನ ನಾನು ಅದನ್ನ ಮುಟ್ಟಲ್ಲ. ನಿನಗೇನಾಗಿದೆ?”

ಅಭ್ಯಾಸವಾಗಿದೆ ಎಂದೆ. ಅಭ್ಯಾಸ ಆಗುವುದು ಬೇರೆ, ಸತ್ತುಹೋಗುವುದು ಬೇರೆ ಎಂದಳು. ಅಕ್ಕನಿಗೆ ಎಲ್ಲದಕ್ಕೂ ಒಂದು ಮಾತು ಇದ್ದೇ ಇರುತ್ತದೆ. ಅವಳ ಅಂಗಡಿಯಲ್ಲಿ ಎಲ್ಲರೂ ಹೆಂಗಸರು. ಅಲ್ಲಿ ಕೆಳಗಿಟ್ಟರೆ ಯಾರೂ ‘ನೋಡಿದ್ರಾ, ಹೇಳಿರಲಿಲ್ವಾ’ ಅನ್ನುವುದಿಲ್ಲ.

ಫೆಬ್ರವರಿ ೧೨, ಬುಧವಾರ

ಭಾವ ಓನರನ್ನು ಕೋಣೆಗೇ ಕರೆದುಕೊಂಡು ಬಂದ. ಮಷೀನುಗಳನ್ನು ಒಮ್ಮೆ ಬಿಚ್ಚಿಸಿ ನೋಡಬೇಕು, ಒಳಗೆ ಕಿಡಿ ಹಾರುತ್ತಿದೆ, ಹಿಡಿ ಹಾಕಿಸಬೇಕು, ಅಲ್ಲಿಯತನಕ ಕಾದಾಗ ಆರಲು ಬಿಡಬೇಕು ಎಂದು ಸಮಾಧಾನವಾಗಿ ಹೇಳಿದ. ಓನರಿಗೂ ಗೊತ್ತಿಲ್ಲದ ವಿಷಯವೇನಲ್ಲ. ಈ ಶೆಡ್ಡು ಶುರುವಾಗುವ ಮೊದಲು ಅವರು ಬೀದಿಬದಿಯಲ್ಲಿ ಕಾರು ಉಜ್ಜುತ್ತಿದ್ದವರು. “ನಾನು ಕೈಯಲ್ಲೇ ಉಜ್ಜಿ ಮೇಲೆ ಬಂದೋನು” ಎನ್ನುವುದನ್ನು ವಾರಕ್ಕೊಮ್ಮೆಯಾದರೂ ಹೇಳದೆ ಇರುವುದಿಲ್ಲ.

ಅದನ್ನೇ ಹೇಳಿದರು. ಆಮೇಲೆ ನನ್ನ ಕಡೆ ಬೆರಳು ತೋರಿಸಿದರು.

“ಅವಳೂ ಇದೇ ಮಷೀನು ಹಿಡಿಯೋದು ತಾನೇ? ಅವಳು ಹಿಡೀತಾಳೆ, ನಿನಗೇನು ರೋಗ?”

ಭಾವ ನನ್ನ ಕಡೆ ನೋಡಿದ. ನಾನು ಏನಾದರೂ ಅನ್ನುತ್ತೇನೆ ಎಂದು ಕಾದ ಹಾಗಿತ್ತು. ಏನು ಅನ್ನಬೇಕಿತ್ತು? ಬಿಸಿಯೇ ಇಲ್ಲ ಎಂದು ನಾನು ಯಾವತ್ತೂ ಹೇಳಿಲ್ಲ. ಇದೆ ಎಂದೂ ಹೇಳಿಲ್ಲ. ನನ್ನ ಪಾಡಿಗೆ ಸ್ವಿಚ್ಚು ಒತ್ತಿದೆ. ಮಷೀನಿನ ಸದ್ದಿನಲ್ಲಿ ಮಾತು ಮುಗಿದುಹೋಯಿತು.

ಮಧ್ಯಾಹ್ನದಿಂದ ಭಾವನೂ ಇಡುವುದನ್ನು ಬಿಟ್ಟ.

ಫೆಬ್ರವರಿ ೧೫, ಶನಿವಾರ

ಭಾವನ ಕೈ ಸುಟ್ಟಿತು.

ಬಿಳಿ ಕಾರಿನ ಹಿಂದಿನ ಬಾಗಿಲು ಉಜ್ಜುತ್ತಿದ್ದ. ನಾನು ಇನ್ನೊಂದು ಪಕ್ಕದಲ್ಲಿದ್ದೆ, ಕಿಟಕಿಯ ಗಾಜಿನ ಮೂಲಕ ಅವನ ಮುಖ ಕಾಣುತ್ತಿತ್ತು. ದವಡೆ ಬಿಗಿದಿತ್ತು. ಒಮ್ಮೆ ನನ್ನ ಮಷೀನಿನ ಕಡೆ ನೋಡಿದ, ನಾನೂ ಅವನದ್ದನ್ನು ನೋಡಿದೆ. ಯಾರೂ ಇಡಲಿಲ್ಲ. ಆಮೇಲೆ ಸುಟ್ಟ ರಬ್ಬರಿನ ವಾಸನೆ ಬಂತು, ಒಂದು ಕೂಗು, ಮಷೀನು ತಿರುಗುತ್ತಲೇ ಬಾಗಿಲಿಗೆ ಬಡಿದು ನೆಲಕ್ಕೆ ಬಿತ್ತು. ಬಾಗಿಲಿನ ಉದ್ದಕ್ಕೂ ಗೀರು. ಭಾವ ಮಣಿಕಟ್ಟು ಹಿಡಿದುಕೊಂಡು ಕೂತಿದ್ದ. ಅಂಗೈಯ ಚರ್ಮ ಬೆಳ್ಳಗಾಗಿ ಸುಕ್ಕುಗಟ್ಟಿತ್ತು.

ಓನರ್ ಮೊದಲು ಬಾಗಿಲು ನೋಡಿದರು. ಆಮೇಲೆ ಕೈ ನೋಡಿದರು. ಬಾಗಿಲು ನೋಡಿದಷ್ಟು ಹೊತ್ತು ಕೈ ನೋಡಲಿಲ್ಲ. ಕೈಲಾಗದವರು ಮನೆಯಲ್ಲಿರಬೇಕು, ಸೋಮವಾರದಿಂದ ಬರಬೇಡ ಎಂದರು. ಗೊಣಗಪ್ಪ ಅವನನ್ನು ಆಸ್ಪತ್ರೆಗೆ ಕರೆದುಕೊಂಡು ಹೋದ. ಅರ್ಧಕ್ಕೆ ನಿಂತ ಬಿಳಿ ಕಾರನ್ನು ನಾನೇ ಮುಗಿಸಿದೆ.

ಇದರಲ್ಲಿ ನನ್ನದೇನೂ ಇಲ್ಲ. ಹಿಡಿ ಎಂದು ನಾನು ಹೇಳಲಿಲ್ಲ.

ಫೆಬ್ರವರಿ ೧೬, ಭಾನುವಾರ

ರಜೆ. ಅವನು ಬಿಟ್ಟುಬಿಡಬೇಕಿತ್ತು, ಅಷ್ಟೆ. ಊಟ ಸೇರಲಿಲ್ಲ. ಅಕ್ಕ ಮಾಡಿದ ಸಾರಿಗೆ ಉಪ್ಪು ಹೆಚ್ಚಾಗಿತ್ತು.

ಅಕ್ಕ, ಪುಟ್ಟಿ ಇಬ್ಬರೂ ಸರಿಯಾಗಿಯೇ ಇದೆ ಎಂದರು.

ಫೆಬ್ರವರಿ ೧೮, ಮಂಗಳವಾರ

ಕೆಲಸ ಮುಗಿಸಿ ಭಾವನ ಮನೆಗೆ ಹೋದೆ. ಯಾಕೆ ಹೋದೆನೋ. ದಾರಿಯಲ್ಲೇ ಇದೆ ಎಂದುಕೊಂಡೆ, ಹೋದ ಮೇಲೆ ನೋಡಿದರೆ ದಾರಿ ಸುತ್ತು.

ಮೂರನೇ ಮಹಡಿ, ಮೆಟ್ಟಿಲಿನ ತುಂಬ ಯಾರದ್ದೋ ಚಪ್ಪಲಿ, ಸೈಕಲ್ಲು. ಬಾಗಿಲು ತೆರೆದದ್ದು ಅವರ ಹೆಂಡತಿ. ನಾನು ಯಾರು ಎಂದು ಹೇಳುವ ಮೊದಲೇ ಗುರುತು ಹಿಡಿದರು. ನೀವೇ ಅಲ್ಲವೇ ಯಾವತ್ತೂ ಕೆಳಗಿಡದವರು, ನಿಮ್ಮ ಸುದ್ದಿ ಈ ಮನೆಯಲ್ಲಿ ದಿನಾ ಬರುತ್ತಿತ್ತು ಎಂದರು. ಹೊಗಳಿದರೋ ಚುಚ್ಚಿದರೋ ಗೊತ್ತಾಗಲಿಲ್ಲ. ಒಳಗೆ ಭಾವ ಊಟಕ್ಕೆ ಕೂತಿದ್ದರು. ಸುಟ್ಟದ್ದು ಎಡಗೈ, ಬಲಗೈ ಸರಿಯಾಗಿಯೇ ಇದೆ. ಆದರೂ ತಟ್ಟೆ ಜಾರದಂತೆ ಹೆಂಡತಿ ಒಂದು ಅಂಚು ಹಿಡಿದುಕೊಂಡು ಪಕ್ಕದಲ್ಲಿ ಕೂತರು. ಇಬ್ಬರೂ ಅದನ್ನು ಮಾತಿಲ್ಲದೆ ಮಾಡಿದರು, ಇಷ್ಟರಲ್ಲೇ ರೂಢಿಯಾಗಿಬಿಟ್ಟಂತೆ.

ಶೆಡ್ಡಿನಲ್ಲಿ ಗೊಣಗಪ್ಪ ಗೊಣಗುವುದನ್ನೇ ಬಿಟ್ಟಿದ್ದಾನೆ, ಅದೇ ಭಯವಾಗುತ್ತದೆ ಎಂದೆ. ಭಾವ ನಕ್ಕರು. ಹಾಗಾದರೆ ಅವನನ್ನೂ ಆಸ್ಪತ್ರೆಗೆ ಕರೆದುಕೊಂಡು ಹೋಗು ಎಂದರು. ಹೊರಡುವಾಗ ಬಾಗಿಲತನಕ ಬಂದರು.

“ನೀನು ಇಡಲಿಲ್ಲ ಅಂತ ನಾನೂ ಇಡಲಿಲ್ಲ, ತಂಗಿ. ಅದು ನನ್ನ ದಡ್ಡತನ ಬಿಡು. ಆದರೆ ನೀನ್ಯಾಕೆ ಇಡಲಿಲ್ಲ?”

ಕೋಪದಲ್ಲಿ ಕೇಳಿದ್ದರೆ ಜಗಳವಾಡಬಹುದಿತ್ತು. ತಿಳಿದುಕೊಳ್ಳಲೆಂದೇ ಕೇಳಿದರು. ಮೆಟ್ಟಿಲಿಳಿದು ಬಂದೆ.

ಯಾಕೆ ಇಡಲಿಲ್ಲ ಅಂದರೆ? ಇಟ್ಟಿದ್ದರೆ ಎಲ್ಲರೂ ಏನನ್ನುತ್ತಿದ್ದರು? ಪುಟ್ಟಿಯ ಅಪ್ಪ ಫೋನಿನಲ್ಲಿ ಏನನ್ನುತ್ತಿದ್ದ? ಗಂಡಸರು ಇಟ್ಟರೆ ಮಷೀನು ಕಾದಿದೆ ಅನ್ನುತ್ತಾರೆ, ನಾನು ಇಟ್ಟರೆ ಇವಳ ಕೈಲಾಗಲಿಲ್ಲ ಅನ್ನುತ್ತಾರೆ. ಇದನ್ನು ಭಾವನಿಗೆ ಅಲ್ಲೇ ಹೇಳಬೇಕಿತ್ತು. ಬಸ್ಸಿನಲ್ಲಿ ಬರುವಾಗ ಹೊಳೆಯಿತು. ಯಾರು ಏನನ್ನುತ್ತಾರೆ ಎಂದು ಹೆದರುವವಳು ನಾನಲ್ಲ, ಅದು ಎಲ್ಲರಿಗೂ ಗೊತ್ತಿದೆ.

ಫೆಬ್ರವರಿ ೧೯, ಬುಧವಾರ

ಇವತ್ತು ಇಟ್ಟೆ.

ಮೊದಲು ಬಟ್ಟೆ ಬಿಚ್ಚಿದೆ. ಕಿಂಡಿಯಿಂದ ಬಂದ ಗಾಳಿ ಮುಖಕ್ಕೆ ಹೊಡೆಯಿತು, ಅಡುಗೆಮನೆಯ ಉಸಿರಿನಂತೆ. ಅರ್ಧ ಬಾನೆಟ್ಟು ಮುಗಿಸಿದೆ. ಅಂಗೈಗೆ ಅಷ್ಟಾಗಿ ತಿಳಿಯುವುದಿಲ್ಲವಲ್ಲ, ಹಾಗಾಗಿ ಆಗಾಗ ಮುಂಗೈ ತಾಗಿಸಿ ನೋಡುತ್ತಿದ್ದೆ. ಸುರ್ ಅಂದಾಗ ಸ್ವಿಚ್ಚು ಆರಿಸಿ ಸ್ಟೂಲಿನ ಮೇಲಿಟ್ಟೆ. ಗೊಣಗಪ್ಪ ತನ್ನ ಮಷೀನು ಓಡಿಸುತ್ತಲೇ ತಿರುಗಿ ನೋಡಿದ. ಸೂರ್ಯ ಎಲ್ಲಿ ಹುಟ್ಟಿದ್ದಾನೆ ಎಂದು ಕಿಟಕಿಯ ಕಡೆಯೂ ಒಮ್ಮೆ ನೋಡಿದ. ಆಮೇಲೆ ತಾನೂ ಇಟ್ಟ.

ಓನರ್ ಬಂದಾಗ ನಾವು ನೀರು ಕುಡಿಯುತ್ತಾ ಕೂತಿದ್ದೆವು. ಏನು ಇದು ಎಂದ. ಮಷೀನು ಕಾದಿದೆ ಎಂದೆ. ಅವನಿಗೆ ನಂಬಲಾಗಲಿಲ್ಲ. ಗೊಣಗಪ್ಪ ಅಂದಿದ್ದರೆ ಬೈದು ಹೋಗುತ್ತಿದ್ದ. ನನ್ನ ಬಾಯಿಂದ ಬಂದದ್ದಕ್ಕೆ ಮನೆಯೊಳಗಿನ ಬೆಕ್ಕು ಮಾತಾಡಿದ ಹಾಗೆ ನೋಡಿದ. ನಿನ್ನ ಕೈಲಾಗದಿದ್ದರೆ ಹೇಳು, ತೊಳೆಯುವ ಕಡೆ ಜಾಗ ಖಾಲಿ ಇದೆ ಎಂದ.

“ಕೈಲಾಗಲ್ಲ ಅಂತ ನಾನು ಹೇಳ್ತಿಲ್ಲ. ಮಾಡಲ್ಲ ಅಂತ ಹೇಳ್ತಿದೀನಿ. ಕಾದರೆ ಇಡ್ತೀನಿ, ಆರಿದರೆ ಎತ್ಕೋತೀನಿ.”

ದನಿ ನಡುಗಲಿಲ್ಲ. ಲೋಟದಲ್ಲಿ ಉಳಿದಿದ್ದ ನೀರು ಕುಡಿದು ಮುಗಿಸಿದೆ.

ಫೆಬ್ರವರಿ ೨೦, ಗುರುವಾರ

ಇವತ್ತೂ ಕಾದಾಗೆಲ್ಲ ಇಟ್ಟೆವು. ಓನರ್ ಎದುರಿಗೇ ನಿಂತಿದ್ದ. ಅವನು ನಿಂತಷ್ಟು ಹೊತ್ತೂ ನಾವು ಕೂತಿದ್ದೆವು.

ಫೆಬ್ರವರಿ ೨೧, ಶುಕ್ರವಾರ

ಓನರ್ ಬೇರೆ ಶೆಡ್ಡಿನಿಂದ ಒಬ್ಬನನ್ನು ಕರೆತಂದ. ಎತ್ತರದ ಆಳು, ಕುತ್ತಿಗೆ ಎತ್ತಿನದ್ದು. ಇಂಥವರು ಬೇಕು ಕೆಲಸಕ್ಕೆ ಎಂದು ನಮಗೆ ಕೇಳಿಸುವ ಹಾಗೆ ಹೇಳಿ ಹೋದ. ಆ ಮನುಷ್ಯ ನಮ್ಮನ್ನು ಮಾತಾಡಿಸಲಿಲ್ಲ, ಭಾವನ ಮಷೀನು ಎತ್ತಿಕೊಂಡು ಶುರುಮಾಡಿದ. ಒಂದು ಬಾಗಿಲು ಆಯಿತು. ಎರಡನೆಯ ಬಾಗಿಲಿಗೆ ಕೈ ಬದಲಿಸಿದ. ಮೂರನೆಯದರ ಹೊತ್ತಿಗೆ ಮಷೀನನ್ನು ಕೆಳಗಿಟ್ಟು, ಅಂಗೈಗೆ ಊದಿಕೊಳ್ಳುತ್ತಾ, ನೀವು ಇದನ್ನ ದಿನಾ ಹಿಡಿಯುತ್ತೀರಾ ಎಂದು ನಮ್ಮನ್ನೇ ಕೇಳಿದ. ಊಟಕ್ಕೆ ಹೋದವನು ಬರಲಿಲ್ಲ. ಬುತ್ತಿಯ ಡಬ್ಬಿಯನ್ನೂ ಇಲ್ಲೇ ಬಿಟ್ಟು ಹೋಗಿದ್ದಾನೆ. ಅದನ್ನು ಮುಟ್ಟಬೇಡ ಎಂದು ಗೊಣಗಪ್ಪನಿಗೆ ಹೇಳಬೇಕಾಯಿತು.

ಓನರ್ ಸಂಜೆ ನನ್ನನ್ನೊಬ್ಬಳನ್ನೇ ಆಫೀಸಿಗೆ ಕರೆದ. ಖುರ್ಚಿ ತೋರಿಸಿದ. ಇಷ್ಟು ದಿನದಲ್ಲಿ ಆ ಖುರ್ಚಿ ಇರುವುದು ನಮಗೂ ಕೂರಲು ಎಂದು ಗೊತ್ತಿರಲಿಲ್ಲ. ನಾಳೆ ಸಂಜೆ ಕಪ್ಪು ಕಾರು ಹೋಗಲೇಬೇಕು, ಹಳೆಯ ಗಿರಾಕಿ, ಇದೊಂದನ್ನು ಮುಗಿಸಿಕೊಡು, ಪಾಲಿಶ್ ಕೋಣೆಗೆ ನಿನ್ನನ್ನೇ ಮೇಲಿನವಳನ್ನಾಗಿ ಮಾಡುತ್ತೇನೆ ಎಂದ. ಅವರಿಬ್ಬರೂ ನಿನ್ನ ಸಮಕ್ಕೆ ಬರುವವರಲ್ಲ ಎಂದ.

ಅವರಿಬ್ಬರೂ ಎಂದಾಗ ಭಾವನನ್ನೂ ಸೇರಿಸಿಕೊಂಡ. ಕೆಲಸದಿಂದ ತೆಗೆದವರನ್ನು ಲೆಕ್ಕದಿಂದ ತೆಗೆದಿಲ್ಲ ನೋಡಿ.

ಭಾವನನ್ನು ವಾಪಸ್ ಕರೆಸಿ, ಮಷೀನು ಬಿಚ್ಚಿಸಿ, ಆಮೇಲೆ ಮಾತಾಡೋಣ ಎಂದೆ. ಅದು ನನ್ನ ಬಾಯಿಂದ ಬರುತ್ತದೆ ಎಂದು ನಾನೂ ಎಣಿಸಿರಲಿಲ್ಲ. ಹಟಮಾರಿ ಎಂದ. ಹೌದು ಎಂದೆ.

ಫೆಬ್ರವರಿ ೨೨, ಶನಿವಾರ

ಇವತ್ತಿನದ್ದನ್ನು ಕ್ರಮವಾಗಿ ಬರೆಯಬೇಕು.

ಕಪ್ಪು ಕಾರು ಬೆಳಿಗ್ಗೆಯೇ ಕೋಣೆಯಲ್ಲಿತ್ತು. ಕಪ್ಪು ಬಣ್ಣ ಎಂದರೆ ಪಾಲಿಶಿನವರಿಗೆ ಅತ್ತೆಯಿದ್ದ ಹಾಗೆ, ಒಂದು ತಪ್ಪನ್ನೂ ಮುಚ್ಚಿಡುವುದಿಲ್ಲ. ನಾನೂ ಗೊಣಗಪ್ಪನೂ ನಮ್ಮ ಲೆಕ್ಕದಲ್ಲೇ ಮಾಡುತ್ತಿದ್ದೆವು. ಸ್ವಲ್ಪ ಉಜ್ಜುವುದು, ಇಡುವುದು, ಆರಲು ಬಿಡುವುದು. ಮಧ್ಯಾಹ್ನದ ಹೊತ್ತಿಗೆ ಹಿಂಭಾಗ ಮುಗಿದಿತ್ತು. ಗಿರಾಕಿ ಹೇಳಿದ ಹೊತ್ತಿಗಿಂತ ಮೊದಲೇ ಬಂದು ಆಫೀಸಿನಲ್ಲಿ ಕೂತರು. ಓನರ್ ಒಳಗೆ ಬಂದು ನೋಡಿದ. ಎರಡೂ ಮಷೀನು ಸ್ಟೂಲಿನ ಮೇಲಿದ್ದವು.

ಅಂಗಿಯ ತೋಳು ಮಡಚಿದ. ಮೂಲೆಯಲ್ಲಿದ್ದ ಭಾವನ ಮಷೀನು ಎತ್ತಿಕೊಂಡ. ನಾನು ಕೈಯಲ್ಲೇ ಉಜ್ಜಿ ಮೇಲೆ ಬಂದೋನು, ನೋಡ್ಕೊಳ್ಳಿ ಎಂದ.

ಸುಳ್ಳು ಹೇಳಬಾರದು, ಕೈಯಲ್ಲಿ ಕಸುಬು ಇದೆ. ಮಷೀನನ್ನು ಒತ್ತುವುದಿಲ್ಲ, ಮೇಲೆ ತೇಲಿಸುತ್ತಾನೆ. ಬಾಗಿಲು ಎರಡೇ ಓಟಕ್ಕೆ ಹೊಳೆಯಿತು. ನಾನು ಮೈಮರೆತು ನೋಡುತ್ತಿದ್ದೆ. ಪಕ್ಕದ ಬಾಗಿಲೂ ಆಯಿತು. ಬಾನೆಟ್ಟಿಗೆ ಬಂದಾಗ ಹಣೆಯಲ್ಲಿ ಬೆವರು. ಎಡಗೈಯ ಹೆಬ್ಬೆರಳು ಮೇಲೆದ್ದಿತು. ಆ ಆಟ ನನಗೆ ಚೆನ್ನಾಗಿ ಗೊತ್ತು. ಮೊದಲು ಹೆಬ್ಬೆರಳು ಎತ್ತುವುದು. ಆಮೇಲೆ ಅಂಗೈ ಎತ್ತಿ ಬೆರಳ ತುದಿಯಲ್ಲಿ ಹಿಡಿಯುವುದು. ಅದೂ ಆಗದಿದ್ದಾಗ ಹಲ್ಲು ಕಚ್ಚಿ ಮತ್ತೆ ಅಂಗೈಯನ್ನೇ ಊರುವುದು.

ಊರಿದ.

ಕಾದಿದೆ, ಇಡಿ ಎಂದೆ. ಕೇಳಿಸಿತು, ಕಣ್ಣು ನನ್ನ ಕಡೆ ತಿರುಗಿತು. ಇಡಲಿಲ್ಲ. ಸುಟ್ಟುಕೊಳ್ಳಲಿ ಎಂದು ನಿಂತೆ. ನಿಜ ಹೇಳಬೇಕೆಂದರೆ ಒಂದು ಗಳಿಗೆ ಖುಷಿಯೂ ಆಯಿತು. ಭಾವನ ಬೆಳ್ಳಗಾದ ಅಂಗೈ ಕಣ್ಣ ಮುಂದೆ ಬಂತು, ಇವನದ್ದೂ ಹಾಗೇ ಆಗಲಿ ಅನ್ನಿಸಿತು. ಆದರೆ ಆ ಮುಖ ನೋಡುತ್ತಾ ನಿಲ್ಲಲು ಆಗಲಿಲ್ಲ. ಯಾರೂ ಹೊಡೆಯುತ್ತಿಲ್ಲ, ಯಾರೂ ಕಟ್ಟಿಹಾಕಿಲ್ಲ, ತಾನಾಗಿ ಬೇಯುತ್ತಿದ್ದಾನೆ. ಇಟ್ಟರೆ ತಾನು ಸೋತು ನಾನು ಗೆದ್ದ ಹಾಗೆ ಎಂದು ಅವನ ಲೆಕ್ಕ. ಕೈ ಅಲುಗಾಡದಂತೆ ಹಿಡಿಯುವ ಯೋಚನೆಯಲ್ಲಿ ಮಷೀನು ಸರಿಸುವುದನ್ನೇ ಮರೆತ. ಬಾನೆಟ್ಟಿನ ಉಬ್ಬಿದ ಅಂಚಿನ ಮೇಲೆ, ಪೇಂಟು ಎಲ್ಲಕ್ಕಿಂತ ತೆಳುವಾಗಿರುವ ಕಡೆ, ಅದು ತಿರುಗುತ್ತಲೇ ನಿಂತುಬಿಟ್ಟಿತು. ಬಣ್ಣ ಸುಡುವ ಕಟು ವಾಸನೆ ಎದ್ದಿತು.

ಹೋಗಿ ಗೋಡೆಯಿಂದ ಪ್ಲಗ್ಗು ಕಿತ್ತೆ.

ಕೋಣೆ ಒಮ್ಮೆಲೇ ಮೌನವಾಯಿತು. ಅವನು ಹಾಗೇ ಬಾಗಿ ನಿಂತಿದ್ದ. ಸತ್ತ ಮಷೀನನ್ನು ಆಗಲೂ ಬಿಟ್ಟಿರಲಿಲ್ಲ. ಗೊಣಗಪ್ಪ ಅದರ ಭಾರ ಹಿಡಿದುಕೊಂಡ, ನಾನು ಬೆರಳುಗಳನ್ನು ಒಂದೊಂದಾಗಿ ಬಿಡಿಸಿದೆ. ಬಿಡಿಸುವಾಗ ಚರ್ಮ ಸ್ವಲ್ಪ ಲೋಹಕ್ಕೇ ಅಂಟಿಕೊಂಡು ಉಳಿಯಿತು. ತೊಳೆಯುವ ಕಡೆಯ ನಲ್ಲಿಯ ಕೆಳಗೆ ಕೈ ಹಿಡಿಸಿದೆ. ನೀರು ಬಿದ್ದಾಗ ಮಗುವಿನ ಹಾಗೆ ಉಸಿರು ಎಳೆದುಕೊಂಡ.

“ನೀನು ಇಷ್ಟು ದಿನ ಇದನ್ನ ಹೆಂಗೆ ಹಿಡಿದಿದ್ದೆ?”

ನಲ್ಲಿ ಇನ್ನಷ್ಟು ತಿರುಗಿಸಿದೆ.

ಬಾನೆಟ್ಟಿನ ಮೇಲೆ ಬೆಳ್ಳನೆಯ ಕಲೆ, ಒಳಗಿನ ಪದರ ಕಾಣುತ್ತಿತ್ತು. ಅದು ಪಾಲಿಶಿಗೆ ಹೋಗುವುದಿಲ್ಲ, ಹೊಸದಾಗಿ ಪೇಂಟೇ ಆಗಬೇಕು. ಗಿರಾಕಿ ಕೂಗಾಡುತ್ತಾ ಒಳಗೆ ಬಂದರು, ಯಾರು ಮಾಡಿದ್ದು ಎಂದರು. ನಾನು ಗೊಣಗಪ್ಪನನ್ನು ನೋಡಿದೆ, ಅವನು ನನ್ನನ್ನು ನೋಡಿದ. ಇನ್ನೇನು, ನಮ್ಮ ತಲೆಗೇ ಕಟ್ಟುತ್ತಾನೆ ಎಂದುಕೊಂಡೆವು. ಓನರ್ ಒದ್ದೆ ಕೈಯನ್ನು ಎದೆಗೆ ಒತ್ತಿಕೊಂಡು, ನಾನೇ ಮಾಡಿದ್ದು, ಇವರು ಬೇಡ ಅಂದರೂ ಮಾಡಿದೆ ಎಂದ.

ಅಷ್ಟು ಹೇಳಿದ. ಅದು ಅವನ ಲೆಕ್ಕಕ್ಕೆ ಬರೆದಿರಲಿ.

ಫೆಬ್ರವರಿ ೨೪, ಸೋಮವಾರ

ಓನರ್ ಕೈಗೆ ಬ್ಯಾಂಡೇಜು. ಎದುರಿಗೆ ನಿಂತು, ಮಷೀನು ಬಿಚ್ಚಿಸುತ್ತೇನೆ, ಹಿಡಿ ಹಾಕಿಸುತ್ತೇನೆ, ಆಯಿತಲ್ಲ ಎಂದ. ಭಾವನ ಮಾತು ಎತ್ತಲಿಲ್ಲ. ನಾನು ಎತ್ತಿದೆ. ಅದು ಬೇರೆ ವಿಷಯ ಎಂದ. ಹೇಗೆ ಬೇರೆ ಎಂದೆ. ಅವನು ಕಾರಿನ ಬಾಗಿಲು ಕೆಡಿಸಿದ ಎಂದ.

“ನೀವು ಬಾನೆಟ್ ಕೆಡಿಸಿದ್ರಿ. ನೀವು ಕೆಲಸಕ್ಕೆ ಬಂದಿದೀರಲ್ಲ.”

ಗೊಣಗಪ್ಪನಿಗೆ ಕೆಮ್ಮು ಬಂತು. ಎಷ್ಟು ಕೆಮ್ಮಿದರೂ ನಿಲ್ಲಲಿಲ್ಲ, ಹೊರಗೆ ಹೋಗಬೇಕಾಯಿತು.

ಓನರ್ ಬ್ಯಾಂಡೇಜಿನ ತುದಿ ಸರಿಮಾಡಿಕೊಂಡ. ನೀನೇ ಫೋನು ಮಾಡಿ ಹೇಳು ಅವನಿಗೆ, ಬರಲಿ ಎಂದ. ಕಳಿಸಿದವರು ನೀವು, ಕರೆಯಬೇಕಾದವರೂ ನೀವೇ ಎಂದೆ. ಕರೆಯುವತನಕ ನಾವು ಮಷೀನು ಮುಟ್ಟುವುದಿಲ್ಲ ಎಂದೂ ಹೇಳಿದೆ. ಬೈಗುಳ ನಾಲಿಗೆಯ ತುದಿಗೆ ಬಂದು ಹಿಂದೆ ಹೋದದ್ದು ನನಗೆ ಕಂಡಿತು. ಹೊರಗೆ ಹೋಗಿ, ಎಡಗೈಯಲ್ಲಿ ಫೋನು ಹಿಡಿಯಲು ಹೋಗಿ ‘ಸ್’ ಎಂದು ಬಲಗೈಗೆ ಬದಲಿಸಿಕೊಂಡು, ನಂಬರು ಒತ್ತಿದ. ಏನು ಮಾತಾಡಿದನೋ ಕೇಳಿಸಲಿಲ್ಲ. ಮಾತು ಉದ್ದವಾಗಿಯೇ ಇತ್ತು. ಕೊನೆಯಲ್ಲಿ, ನೀನು ಏನು ಹಚ್ಚುತ್ತಿದ್ದೀ ಕೈಗೆ ಎಂದು ಕೇಳಿದ್ದು ಮಾತ್ರ ಕೇಳಿಸಿತು.

ಫೆಬ್ರವರಿ ೨೭, ಗುರುವಾರ

ಅಕ್ಕ ಡಾಕ್ಟರ ಹತ್ತಿರ ಎಳೆದುಕೊಂಡು ಹೋದಳು. ಬೆರಳಿಗೆ ಸೂಜಿ ಚುಚ್ಚಿ ನೋಡಿದರು. ಜೋಮು ನಿಧಾನವಾಗಿ ಇಳಿಯಬಹುದು, ಪೂರ್ತಿ ಇಳಿಯುತ್ತದೆ ಎಂದು ಮಾತು ಕೊಡಲಾಗುವುದಿಲ್ಲ ಎಂದರು. ಇಷ್ಟು ತಡವಾಗಿ ಯಾಕೆ ಬಂದಿರಿ ಎಂದು ಅಕ್ಕನನ್ನು ಕೇಳಿದರು. ಅಕ್ಕ ನನ್ನ ಕಡೆ ಕೈ ತೋರಿಸಿ, ಇವಳನ್ನೇ ಕೇಳಿ ಎಂದಳು. ಬರುವಾಗ ದಾರಿಯುದ್ದಕ್ಕೂ ಬೈದಳು. ಬೈಯುತ್ತಲೇ ನನ್ನ ಕೈ ಹಿಡಿದುಕೊಂಡಿದ್ದಳು.

ಮಾರ್ಚ್ ೫, ಬುಧವಾರ

ಎರಡು ಮಷೀನು ರಿಪೇರಿಯಾಗಿ ಬಂದವು. ರಿಪೇರಿಯವನು ಉಳಿದ ಒಂದನ್ನು ನಮ್ಮ ಎದುರಿಗೇ ಬಿಚ್ಚಿ ತೋರಿಸಿದ. ಹೊಟ್ಟೆಯೊಳಗೆ ಉಣ್ಣೆ, ಪಾಲಿಶಿನ ಪುಡಿ, ಎಣ್ಣೆ ಎಲ್ಲ ಸೇರಿ ಹಕ್ಕಿಗೂಡು. ಮೊಟ್ಟೆ ಇದೆಯಾ ನೋಡಿ ಎಂದ ಗೊಣಗಪ್ಪ. ಹಿಡಿಗಳು ಹೊಸವು. ಅವನಿಗೆ ಹಿಡಿಯ ಬಣ್ಣ ಹಿಡಿಸಲಿಲ್ಲ. ಗೊಣಗುವುದು ಮತ್ತೆ ಶುರುವಾಗಿದೆ, ಇನ್ನು ಭಯವಿಲ್ಲ.

ಪುಟ್ಟಿಯ ಅಪ್ಪನ ಫೋನು ಬಂದಿತ್ತಂತೆ. ನಾನು ಕೆಲಸದಲ್ಲಿದ್ದೆ, ನೋಡಲಿಲ್ಲ. ವಾಪಸ್ ಮಾಡಬೇಕು ಎಂದು ಈಗ ಬರೆಯುವಾಗ ನೆನಪಾಯಿತು. ನಾಳೆ ನೋಡೋಣ.

ಮಾರ್ಚ್ ೧೭, ಸೋಮವಾರ

ಭಾವ ಇವತ್ತು ಕೆಲಸಕ್ಕೆ ಬಂದರು. ಅಂಗೈಯಲ್ಲಿ ಹೊಸ ಚರ್ಮ, ಮಗುವಿನ ಕೆನ್ನೆಯ ಹಾಗೆ ಗುಲಾಬಿ. ಓನರ್ ಬಾಗಿಲಲ್ಲೇ ನಿಂತಿದ್ದರು. ಇಬ್ಬರೂ ತಮ್ಮ ತಮ್ಮ ಎಡಗೈ ತೋರಿಸಿ ಹೋಲಿಸಿ ನೋಡಿಕೊಂಡರು, ಕಾರಿನ ಪೇಂಟು ನೋಡುವ ಹಾಗೆ, ಬೆಳಕಿಗೆ ಓರೆಯಾಗಿ ಹಿಡಿದು.

ಮಷೀನುಗಳು ಮೊದಲಿನಷ್ಟು ಕಾಯುವುದಿಲ್ಲ. ಕಾಯುವುದೇ ಇಲ್ಲ ಎಂದಲ್ಲ. ದೊಡ್ಡ ಕಾರೊಂದು ಬಂದಿತ್ತು, ಮಧ್ಯಾಹ್ನದ ಬಿಸಿಲು ಬೇರೆ. ನಾನು, ಗೊಣಗಪ್ಪ ಆಗಲೇ ಎರಡು ಸಲ ಇಟ್ಟು ಎತ್ತಿಕೊಂಡಿದ್ದೆವು. ಭಾವ ಮಾತ್ರ ಒಂದು ಸಲವೂ ಇಟ್ಟಿರಲಿಲ್ಲ. ಮೊದಲ ದಿನವಲ್ಲವೇ, ಕೈ ವಾಸಿಯಾಗಿದೆ ಎಂದು ತೋರಿಸಬೇಕು. ಓನರ್ ಆಚೆ ಓಡಾಡುತ್ತಿದ್ದರು, ಭಾವನ ಕಣ್ಣು ಆ ಕಡೆಯೇ ಇತ್ತು. ನೋಡುತ್ತಿದ್ದ ಹಾಗೆ ಹೆಬ್ಬೆರಳು ಮೇಲೆದ್ದಿತು.

“ಭಾವ, ಇಡಿ.”

“ಪರವಾಗಿಲ್ಲ ತಂಗಿ. ತಡ್ಕೋತೀನಿ.”

ಎಷ್ಟು ಸಿಟ್ಟು ಬಂತೆಂದರೆ ಹೇಳುವ ಹಾಗಿಲ್ಲ. ನನ್ನದು ಅಷ್ಟೇನೂ ಕಾದಿರಲಿಲ್ಲ, ಆದರೂ ಸ್ವಿಚ್ಚು ಆರಿಸಿ ಸ್ಟೂಲಿನ ಮೇಲಿಟ್ಟೆ. ಗೊಣಗಪ್ಪ, ಈಗ ತಾನೇ ಎತ್ತಿಕೊಂಡಿದ್ದೆ, ನನ್ನನ್ನ ಕುಣಿಸ್ತೀರಿ ಎಂದು ಗೊಣಗಿಕೊಂಡು ತನ್ನದನ್ನೂ ಇಟ್ಟ. ಇಬ್ಬರೂ ಕೈ ಕಟ್ಟಿಕೊಂಡು ಭಾವನ ಎದುರಿಗೆ ನಿಂತೆವು. ಕೋಣೆಯಲ್ಲಿ ಅವರ ಮಷೀನಿನ ಸದ್ದು ಒಂದೇ. ಸ್ವಲ್ಪ ಹೊತ್ತು ನೋಡಿದರು. ಆಮೇಲೆ ನಕ್ಕು, ಇಟ್ಟರು.

ಮೂವರೂ ಬಾಗಿಲ ಹೊರಗೆ ಗಾಳಿಗೆ ಕೂತೆವು. ಭಾವ ಗುಲಾಬಿ ಅಂಗೈಯನ್ನು ಮೇಲೆ ಮಾಡಿ ತೊಡೆಯ ಮೇಲಿಟ್ಟುಕೊಂಡರು. ಓನರ್ ಈ ಕಡೆ ನೋಡಿ, ಏನೂ ಅನ್ನದೆ ಒಳಗೆ ಹೋದರು.

ಕೈ ಸುಡುತ್ತಿದ್ದರೂ ಬಿಡಬಾರದು ಎನ್ನುವ ಈ ಹಟ ಜನಕ್ಕೆ ಎಲ್ಲಿಂದ ಬರುತ್ತದೋ. ನನಗಂತೂ ಅರ್ಥವಾಗುವುದಿಲ್ಲ.